ಗೈರುಹಾಜರಿ ಭೂಮಾಲೀಕರಿಗೆ ಮಣ್ಣು ಸಂರಕ್ಷಣಾ ನೆರವು (ಅಮೆರಿಕ)

ತಾವು ಉಳದೆ ಹೊಲವನ್ನು ಗೇಣಿಗೆ ಕೊಟ್ಟವರು ಆ ನೆಲದ ಮಣ್ಣು, ನೀರು ಕಾಪಾಡಿಕೊಳ್ಳಲು ಸರ್ಕಾರ ಮತ್ತು ಸಂಘಸಂಸ್ಥೆಗಳು ನೀಡುವ ಸಲಹೆ, ಧನಸಹಾಯಗಳ ವ್ಯವಸ್ಥೆ ಇದು. ಅಮೆರಿಕದ ಕೃಷಿ ಇಲಾಖೆಯ 2014ರ ಸಮೀಕ್ಷೆಯಂತೆ, ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳ ಕೃಷಿಭೂಮಿಯಲ್ಲಿ ಶೇ. 39ರಷ್ಟು ಗೇಣಿಯಲ್ಲಿತ್ತು, ಅದರಲ್ಲಿ ಸುಮಾರು ಶೇ. 80ರಷ್ಟಕ್ಕೆ ಬೇಸಾಯ ಮಾಡದವರೇ ಒಡೆಯರು. ಆದರೂ ನೆರವಿನ ಯೋಜನೆಗಳು ಬಹುಕಾಲ ಉಳುವವನನ್ನೇ ಒಡೆಯನೆಂದು ಭಾವಿಸಿ ನಡೆದವು. ಈ ನೆರವಿನ ಇತಿಹಾಸವೆಂದರೆ ಆ ಭಾವನೆಯಿಂದಾದ ಕೊರತೆಯನ್ನು ತಡವಾಗಿ ತುಂಬಿಕೊಂಡ ಇತಿಹಾಸ.

1930ರ ದಶಕದಲ್ಲಿ ದಕ್ಷಿಣದ ಬಯಲುನಾಡಿನ ಮೇಲ್ಮಣ್ಣು ಧೂಳಾಗಿ ಹಾರಿಹೋದಾಗ, 1935ರ ಕಾಯ್ದೆಯ ಮೂಲಕ ಮಣ್ಣು ಸಂರಕ್ಷಣಾ ಸೇವೆ ಸ್ಥಾಪನೆಯಾಯಿತು. ಹ್ಯೂ ಹ್ಯಾಮಂಡ್ ಬೆನೆಟ್ ಅದರ ಮೊದಲ ಮುಖ್ಯಸ್ಥರು. 1937ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ರಾಜ್ಯಗಳಿಗೆ ಮಾದರಿ ಕಾಯ್ದೆ ಕಳಿಸಿದರು. ಅದರಂತೆ ಸ್ಥಳೀಯ ಸಂರಕ್ಷಣಾ ಜಿಲ್ಲೆಗಳು ಹುಟ್ಟಿದವು. ಆಗ ರೈತರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಗೇಣಿದಾರರು. ಇದಕ್ಕೆ ಪರಿಹಾರವಾಗಿ ಅದೇ ವರ್ಷ ಬ್ಯಾಂಕ್‌ಹೆಡ್-ಜೋನ್ಸ್ ಕಾಯ್ದೆ ಗೇಣಿದಾರರಿಗೆ ಜಮೀನು ಕೊಳ್ಳಲು ಸಾಲ ಒದಗಿಸಿತು. ಒಂದು ಕಾಯ್ದೆ ಮಣ್ಣನ್ನು ನೋಡಿತು, ಇನ್ನೊಂದು ಒಡೆತನವನ್ನು ನೋಡಿತು. ಇವೆರಡನ್ನೂ ಬೆಸೆಯುವ ಗೇಣಿ ಕರಾರು ಇದ್ದಂತೆಯೇ ಉಳಿಯಿತು. ಮುಂದಿನ ದಶಕಗಳಲ್ಲಿ ಗೇಣಿದಾರರ ಸಂಖ್ಯೆ ಕುಸಿದರೂ ಗೇಣಿ ಭೂಮಿ ಕರಗಲಿಲ್ಲ; ಸ್ವಂತ ಹೊಲವಿದ್ದ ರೈತರೇ ಬೇರೆಯವರ ಹೊಲವನ್ನೂ ಗೇಣಿಗೆ ಹಿಡಿದರು.

ದೂರದ ಒಡೆಯನಿಗೂ ನೇರವಾಗಿ ಒದಗುವ ದೊಡ್ಡ ಯೋಜನೆಯೊಂದು 1985ರಲ್ಲಿ ಬಂತು. ಅಂದಿನ ಕೃಷಿ ಕಾಯ್ದೆಯ ಸಂರಕ್ಷಣಾ ಮೀಸಲು ಯೋಜನೆಯಡಿ, ಸವಕಳಿಗೆ ಈಡಾಗುವ ಹೊಲವನ್ನು 10ರಿಂದ 15 ವರ್ಷ ಹುಲ್ಲಿಗೋ ಮರಕ್ಕೋ ಬಿಟ್ಟರೆ ಸರ್ಕಾರ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. ಉಳದೆ ಕುಳಿತ ಸ್ಥಿತಿವಂತರಿಗೆ ತೆರಿಗೆದಾರರ ಹಣವೇಕೆ, ಇದರಿಂದ ಗೇಣಿದಾರ ಬೀದಿಗೆ ಬೀಳುವುದಿಲ್ಲವೇ ಎಂಬ ಆಕ್ಷೇಪ ತೂಕವುಳ್ಳದ್ದೇ. ಆ ಕಾರಣಕ್ಕೇ ಕಾಯ್ದೆ ವಾರ್ಷಿಕ ಪಾವತಿಗೆ ಮಿತಿ ಹಾಕಿ, ಗೇಣಿದಾರರ ಹಿತರಕ್ಷಣೆಯನ್ನೂ ಸೇರಿಸಿತು. ಆದರೆ ಕೊಚ್ಚಿಹೋದ ಮಣ್ಣು ಹೊಳೆಯ ಕೆಳಗಿನವರ ಕುಡಿಯುವ ನೀರನ್ನೂ ಕೆಡಿಸುತ್ತದೆ. ಆ ಹೊಲದ ಪತ್ರ ಯಾರ ಹೆಸರಿನಲ್ಲಿದೆ ಎಂಬುದು ಅವರಿಗೆ ಮುಖ್ಯವಲ್ಲ.

ಇನ್ನೊಂದು ಆಕ್ಷೇಪ, ನೆಲದ ಗುಣ ಬಲ್ಲವನು ಉಳುವವನೇ, ನೆರವು ಅವನಿಗೇ ಸಲ್ಲಲಿ ಎಂಬುದು. ಅರ್ಥಶಾಸ್ತ್ರಜ್ಞರಾದ ಸೂಲ್, ಟೆಗೆನೆ ಮತ್ತು ವೀಬೆ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರವಾಗಬಲ್ಲದು. ಮೆಕ್ಕೆಜೋಳ ಬೆಳೆಯುವ ರೈತರಲ್ಲಿ, ನಗದು ಗೇಣಿದಾರರು ಸ್ವಂತ ಹೊಲದವರಿಗಿಂತ ಕಡಿಮೆ ಪ್ರಮಾಣದಲ್ಲಿ ಮಣ್ಣುಳಿಸುವ ಉಳುಮೆ ಕೈಗೊಂಡಿದ್ದರು. ಪಾಲಿಗೆ ಮಾಡುವವರಲ್ಲಿ ಆ ವ್ಯತ್ಯಾಸವಿರಲಿಲ್ಲ. ಫಲ ಕಾಣಲು ವರ್ಷಗಳು ಬೇಕಾಗುವ ಹುಲ್ಲುಗಾಲುವೆಯಂಥ (ಹರಿವ ನೀರು ಮಣ್ಣು ಕೊಚ್ಚದಂತೆ ಹುಲ್ಲು ಬೆಳೆಸಿದ ಕಾಲುವೆ) ಕೆಲಸಗಳಲ್ಲಿ ಮಾತ್ರ ಇಬ್ಬರೂ ಹಿಂದುಳಿದಿದ್ದರು. ಅಂದರೆ ತಡೆಯಾಗಿರುವುದು ತಿಳಿವಳಿಕೆಯ ಅಭಾವಕ್ಕಿಂತ ಕರಾರಿನ ಸ್ವರೂಪ. ವರ್ಷದ ಗೇಣಿಯವನು ಹತ್ತು ವರ್ಷದ ಫಲಕ್ಕೆ ದುಡ್ಡು ಹಾಕಲಾರ. ಬಹುಕಾಲದ ಕೆಲಸಕ್ಕೆ ಒಡೆಯನ ಒಪ್ಪಿಗೆಯೂ ಪಾಲೂ ಬೇಕು.

ಆ ಒಡೆಯರನ್ನು ತಲುಪುವ ಪ್ರಯತ್ನ ಇತ್ತೀಚಿನದು. ಅಯೋವ ರಾಜ್ಯದಲ್ಲಿ ಕೃಷಿಭೂಮಿಯ ಸುಮಾರು ಅರ್ಧ ಮಹಿಳೆಯರ ಒಡೆತನದಲ್ಲಿದೆ, ಅವರಲ್ಲಿ ಅನೇಕರು ವಯಸ್ಸಾದವರು. 1997ರಲ್ಲಿ ಹುಟ್ಟಿದ ಅಲ್ಲಿನ ಮಹಿಳಾ ಆಹಾರ-ಕೃಷಿ ಜಾಲ ಇಂಥವರನ್ನು ಒಟ್ಟುಗೂಡಿಸಿ, ಗೇಣಿದಾರನೊಡನೆ ಮಣ್ಣಿನ ವಿಷಯ ಮಾತಾಡುವ ಬಗೆಯನ್ನು ಕಲಿಸಿತು. ಆದರೂ ಮನವೊಲಿಕೆಯೊಂದೇ ಸಾಲದು. ಗೇಣಿದಾರ ಮಾಡಿದ ಸುಧಾರಣೆಗೆ ಪರಿಹಾರ ಕೊಡಲೇಬೇಕೆಂದು ಇಂಗ್ಲೆಂಡ್ 1883ರಲ್ಲೇ ಕಾಯ್ದೆ ಮಾಡಿತ್ತು. ದೂರದ ಒಡೆಯನಿಗೆ ಕೊಡುವ ನೆರವಿಗೂ ಅಂಥದೇ ಷರತ್ತು ಇರಬೇಕು: ದೀರ್ಘಾವಧಿಯ ಕರಾರು, ಖರ್ಚಿನ ಹಂಚಿಕೆ, ಬಿಟ್ಟುಹೋಗುವಾಗ ಪರಿಹಾರ. ಇವಿಲ್ಲದೆ ಕೊಟ್ಟ ಹಣ ಒಡೆಯನ ಆದಾಯಕ್ಕೆ ಸೇರೀತೇ ಹೊರತು ಮಣ್ಣಿಗೆ ದಕ್ಕುವುದು ಕಡಿಮೆ.