ಜಾತ್ರೆಗೆ ಹೋದವರು, ಮನೆ ಕಾದವರು

ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬೇಕು ಎಂದು ಸುವರ್ಣ ಮಹೋತ್ಸವ ಸಮಿತಿಯವರು ಮನೆಗೆ ಬಂದು ಕೇಳಿದರು. ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಆಮೇಲೆ ಮೂವತ್ತು ವರ್ಷ ಬೇರೆ ಬೇರೆ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಅರಸು ಮನೆತನಗಳು, ಶಾಸನಗಳು, ದೇವಸ್ಥಾನಗಳ ವಿಷಯವನ್ನು ನನಗಿಂತ ತಿಳಿದವರು ಈ ಸಂಚಿಕೆಯಲ್ಲಿ ಬರೆದಾರು. ನಾನು ಚಿಕ್ಕದೊಂದು ವಿಷಯ ಆರಿಸಿಕೊಂಡಿದ್ದೇನೆ. ಪುತ್ತೂರು, ಸುಳ್ಯ, ಕಡಬದ ನಮ್ಮ ಹಳ್ಳಿಗಳಲ್ಲಿ ತಂದೆ ತಾಯಂದಿರು ಸಣ್ಣ ಮಕ್ಕಳನ್ನು ಕರೆದುಕೊಂಡು ಒಂದು ದಿನ ಮನೆಯಿಂದ ಹೊರಗೆ ಹೋಗುತ್ತಿದ್ದುದು ಎಲ್ಲಿಗೆ, ಹೇಗೆ ಮತ್ತು ಯಾಕೆ? ಇದನ್ನು ಯಾವ ದಾಖಲೆಯಲ್ಲಿಯೂ ಬರೆದಿಟ್ಟಿಲ್ಲ. ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಆ ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹೊರಡಲು ಕಾರಣ ಬೇಕಿತ್ತು

ಇಂದು ಭಾನುವಾರ ಬಂದರೆ ಮಕ್ಕಳು "ಎಲ್ಲಿಗೆ ಹೋಗುವುದು?" ಎಂದು ಕೇಳುತ್ತಾರೆ. ನಾನು ಸಣ್ಣವನಿದ್ದಾಗ, ಅಂದರೆ 1960ರ ದಶಕದಲ್ಲಿ, ಆ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಸುಮ್ಮನೆ ತಿರುಗಾಡಲು ಹೋಗುವವರನ್ನು ಊರಿನವರು ಕೆಲಸವಿಲ್ಲದವರು ಎನ್ನುತ್ತಿದ್ದರು. ಹೊರಡಬೇಕಾದರೆ ಒಂದು ಕಾರಣ ಬೇಕು: ಮದುವೆ, ಹರಕೆ, ಅಜ್ಜನ ಮನೆ, ಜಾತ್ರೆ, ಇಲ್ಲವೇ ಪುತ್ತೂರಿನ ಸೋಮವಾರದ ಸಂತೆ. ಆ ಕಾರಣದ ಬೆನ್ನಿಗೆ ಮಕ್ಕಳೂ ಹೋಗುತ್ತಿದ್ದರು. ಇರ್ದೆಯ ಬೆಂದ್ರು ತೀರ್ಥದ ಬಿಸಿನೀರಿನಲ್ಲಿ ಮುಳುಗಿ ಏಳುವುದು ಮಕ್ಕಳಿಗೆ ಆಟ, ದೊಡ್ಡವರಿಗೆ ಚರ್ಮದ ತೊಂದರೆ ವಾಸಿಯಾಗಲಿ ಎಂಬ ನಂಬಿಕೆ. ತೊಡಿಕಾನದ ದೇವಸ್ಥಾನದ ಹೊಳೆಯಲ್ಲಿ ಮೀನುಗಳಿಗೆ ಅಕ್ಕಿ ಹಾಕುವುದೂ ಹಾಗೆಯೇ.

ಬ್ಯಾರಿ ಮನೆಗಳ ಮಕ್ಕಳಿಗೆ ಉರೂಸ್ ಇತ್ತು, ಕ್ರೈಸ್ತ ಮನೆಗಳ ಮಕ್ಕಳಿಗೆ ಸಾಂತುಮಾರಿ ಇತ್ತು. ಕ್ರಿಸ್‌ಮಸ್ ಹೊತ್ತಿಗೆ ನೆರೆಮನೆಯವರ ಗೋದಲಿ ನೋಡಲು ನಾವೂ ಹೋಗುತ್ತಿದ್ದೆವು. ಕೂಲಿ ಕೆಲಸದವರ ಮಕ್ಕಳು ಮಾತ್ರ ಧಣಿಗಳ ಮನೆಯಿಂದ ಜಾತ್ರೆಯ ಚಿಲ್ಲರೆ ಸಿಕ್ಕಿದ ಮೇಲೆಯೇ ಹೊರಡಬೇಕಿತ್ತು. ಸಿಗದ ವರ್ಷ ಅವರು ಗುಡ್ಡದ ಮೇಲೆ ನಿಂತು ದೂರದ ಬೆಡಿಯ ಬೆಳಕು ನೋಡುತ್ತಿದ್ದರು.

ಹತ್ತನೇ ತಾರೀಕಿಗೆ ಕೊಡಿ

ನಮ್ಮ ಮನೆ ನರಿಮೊಗರಿನ ಆಚೆ. ನಮಗೆ ವರ್ಷದ ದೊಡ್ಡ ದಿನವೆಂದರೆ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ. ಏಪ್ರಿಲ್ 10ಕ್ಕೆ ಕೊಡಿ ಏರುತ್ತದೆ, 16ರಂದು ಬಲ್ನಾಡಿನಿಂದ ಉಳ್ಳಾಲ್ತಿಯ ಭಂಡಾರ ಬರುತ್ತದೆ, 17ರ ರಾತ್ರಿ ಬ್ರಹ್ಮರಥೋತ್ಸವ. ಶಾಲೆಗಳ ಫಲಿತಾಂಶ ಹೇಳುವುದೂ ಬಹುಕಾಲ ಅದೇ 10ನೇ ತಾರೀಕಿಗೆ ಆದ್ದರಿಂದ ಪಾಸಾದ ಸಂತೋಷ ಮತ್ತು ಜಾತ್ರೆ ಎರಡೂ ಒಟ್ಟಿಗೆ ಬರುತ್ತಿದ್ದವು. ಫೇಲಾದವನಿಗೆ ಜಾತ್ರೆ ಇಲ್ಲ ಎಂದು ಹೆದರಿಸಿದರೂ ಕಡೆಗೆ ಅವನನ್ನೂ ಕರೆದುಕೊಂಡೇ ಹೋಗುತ್ತಿದ್ದರು.

ಸಂಜೆ ನಾಲ್ಕಕ್ಕೆ ಹೊರಟರೆ ಎರಡು ಗಂಟೆ ನಡೆಯಬೇಕು. ಅಮ್ಮನ ಸೊಂಟದಲ್ಲಿ ತಮ್ಮ, ಅಪ್ಪನ ಹೆಗಲಲ್ಲಿ ಕಂಬಳಿ, ಕೈಚೀಲದಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮೊಸರವಲಕ್ಕಿ. ದೇವರಮಾರು ಗದ್ದೆಗೆ ಕಾಲಿಟ್ಟ ಕೂಡಲೇ ಅಮ್ಮ ಸೆರಗಿನ ತುದಿಯನ್ನು ನನ್ನ ಕೈಗೆ ಗಂಟು ಹಾಕುತ್ತಿದ್ದಳು. ತೊಟ್ಟಿಲು, ಮರಣಬಾವಿ, ಚರುಂಬುರಿ, ಬಚ್ಚಂಗಾಯಿ, ಪೀಪಿ. ಇವುಗಳಲ್ಲಿ ಎರಡಕ್ಕೆ ಮಾತ್ರ ಅಪ್ಪನ ಜೇಬಿನಲ್ಲಿ ಹಣ. ಯಾವುದು ಎರಡು ಎಂದು ನಾನು ಹದಿನೈದು ದಿನ ಮೊದಲೇ ಲೆಕ್ಕ ಹಾಕಿ ಇಡುತ್ತಿದ್ದೆ. ರಥ ಎಳೆದು ಬೆಡಿ ಮುಗಿಯುವಾಗ ನಡುರಾತ್ರಿ ಕಳೆದಿರುತ್ತಿತ್ತು. ಅಲ್ಲೇ ಕಂಬಳಿ ಹಾಸಿ ಮಲಗಿ, ಬೆಳಗಿನ ಜಾವ ಸೂಟೆಯ ಬೆಳಕಿನಲ್ಲಿ ಮನೆ ಕಡೆಗೆ.

ಈ ತಂಡದಲ್ಲಿ ನನ್ನ ಅಕ್ಕ ಇರುತ್ತಿರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹಟ್ಟಿಯಲ್ಲಿ ಕರು ಹಾಕಿದ ದನ ಇದೆ, ಕಣ್ಣು ಮಂಜಾದ ಅಜ್ಜಿ ಇದ್ದಾರೆ, ಯಾರಾದರೂ ಮನೆಯಲ್ಲಿ ನಿಲ್ಲಲೇಬೇಕು. "ಮುಂದಿನ ವರ್ಷ ನಿನ್ನನ್ನು" ಎಂದು ಪ್ರತಿ ವರ್ಷ ಅಮ್ಮ ಹೇಳುತ್ತಿದ್ದಳು. ಹೊರಡುವ ಮೊದಲು ಬಾಳೆನಾರಿನಿಂದ ಅಕ್ಕನ ಕೈಯ ಅಳತೆ ತೆಗೆದು, ಆ ನಾರನ್ನು ಎಲೆಅಡಿಕೆಯ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದಳು. ಅಂಗಡಿಯವನು ಆ ನಾರನ್ನು ಬಳೆಯೊಳಗೆ ಇಟ್ಟು ನೋಡಿ ಕೊಡುತ್ತಿದ್ದ. ಹೀಗೆ ಎಂಟು ಹತ್ತು ವರ್ಷ ಅಕ್ಕನ ಬದಲು ಜಾತ್ರೆಗೆ ಹೋದದ್ದು ಬಾಳೆನಾರು.

ಅವಳು ದೇವರನ್ನೇ ನೋಡಲಿಲ್ಲ ಎಂದಲ್ಲ. ರಥೋತ್ಸವದ ಮರುದಿನ ದೇವರು ಅವಭೃತಕ್ಕಾಗಿ ಕುಮಾರಧಾರೆಯ ದಡದ ವೀರಮಂಗಲಕ್ಕೆ ಹೊರಡುತ್ತಾರೆ. ದಾರಿಯುದ್ದಕ್ಕೂ ಕಟ್ಟೆಪೂಜೆ ಸ್ವೀಕರಿಸುತ್ತಾ ರಾತ್ರಿಯಿಡೀ ಸವಾರಿ ನಡೆಯುತ್ತದೆ. ನಮ್ಮ ಹತ್ತಿರದ ಕಟ್ಟೆಯಲ್ಲಿ ಅಕ್ಕ ಕೈಮುಗಿದು ನಿಲ್ಲುತ್ತಿದ್ದಳು. "ನೀವು ದೇವರನ್ನು ಹುಡುಕಿಕೊಂಡು ಹೋದಿರಿ, ದೇವರೇ ನನ್ನನ್ನು ಹುಡುಕಿಕೊಂಡು ಬಂದ" ಎಂದು ನಮಗೆ ತಮಾಷೆ ಮಾಡುತ್ತಿದ್ದಳು. ಅದು ಪೂರ್ತಿ ತಮಾಷೆ ಅಲ್ಲ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಅವಳ ಶಾಲೆಯೂ ಐದನೇ ತರಗತಿಗೆ ನಿಂತಿತ್ತು, ಕಾರಣ ಅದೇ.

ಪತ್ತನಾಜೆ ಬಂತೆಂದರೆ ಎಲ್ಲ ಮುಗಿಯಿತು. ಜಾತ್ರೆ, ಯಕ್ಷಗಾನದ ಆಟ, ನೇಮಗಳಿಗೆ ತೆರೆ ಬಿದ್ದು ಜನ ಮಳೆಗಾಲದ ಕಟ್ಟಿಗೆ, ಸೊಪ್ಪಿನ ಕೆಲಸಕ್ಕೆ ತಿರುಗುತ್ತಿದ್ದರು.

ಹೊಳೆ ದಾಟಿಸಿದರೆ ದಾರಿ

ಮಳೆಗಾಲದಲ್ಲಿ ನಮ್ಮ ತಾಲೂಕುಗಳ ನಕ್ಷೆ ಬೇರೆಯೇ ಆಗುತ್ತಿತ್ತು. ಮಕ್ಕಳು ಎಷ್ಟು ದೂರ ಹೋಗಬಹುದು ಎಂಬುದನ್ನು ಅಪ್ಪ ಅಮ್ಮನಿಗಿಂತ ಹೆಚ್ಚು ಹೊಳೆಗಳೇ ತೀರ್ಮಾನಿಸುತ್ತಿದ್ದವು. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಹೊಸ್ಮಠದ ಮುಳುಗು ಸೇತುವೆ, ಪಾಣಾಜೆ ದಾರಿಯ ಚೆಲ್ಯಡ್ಕದ ಮುಳುಗು ಸೇತುವೆ ಇವುಗಳ ಹೆಸರು ಹೇಳಿದರೆ ಹಳಬರಿಗೆ ಈಗಲೂ ಒಂದೊಂದು ಕಥೆ ನೆನಪಾಗುತ್ತದೆ.

ಅಕ್ಕನನ್ನು ಕಡಬದ ಕಡೆಗೆ ಮದುವೆ ಮಾಡಿ ಕೊಟ್ಟೆವು. ಕಡಬ ಆಗ ಪುತ್ತೂರು ತಾಲೂಕಿನೊಳಗೆಯೇ ಇತ್ತು. ಒಂದು ವರ್ಷ ಆಟಿ ತಿಂಗಳಲ್ಲಿ ನೇಜಿ ನೆಟ್ಟು ಮುಗಿದ ಮೇಲೆ ಅವಳು ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಳು. ಹೊಸ್ಮಠಕ್ಕೆ ಬರುವಾಗ ಸೇತುವೆಯ ಮೇಲೆ ನೀರು. ಬಸ್ಸು ನಿಂತಿತು. ನೀರು ಇಳಿದೀತು ಎಂದು ಹತ್ತಿರದ ಅಂಗಡಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಸಂಜೆಯವರೆಗೆ ಕಾದಳು. ನೀರು ಇಳಿಯಲಿಲ್ಲ. ನಮಗಾಗಿ ಕಟ್ಟಿಕೊಂಡು ಬಂದಿದ್ದ ಕೊಟ್ಟಿಗೆಯನ್ನು ಮಕ್ಕಳಿಗೆ ತಿನ್ನಿಸಿ ಹಿಂದಕ್ಕೆ ಹೋದಳು. ಈಚೆ ಬದಿಯಲ್ಲಿ ಅಮ್ಮ ಕತ್ತಲಾಗುವವರೆಗೂ ಅಂಗಳದಲ್ಲಿ ನಿಂತಿದ್ದಳು. ಫೋನ್ ಇಲ್ಲದ ಕಾಲ. ವಿಷಯ ತಿಳಿದದ್ದು ಎಂಟು ದಿನ ಕಳೆದು, ಕಾರ್ಡು ಬಂದ ಮೇಲೆ. ಇಂದು ಹೊಸ್ಮಠದಲ್ಲಿ ಎತ್ತರದ ಸೇತುವೆ ಇದೆ. ಅದರ ಮೇಲೆ ಕಾರಿನಲ್ಲಿ ಅರ್ಧ ನಿಮಿಷದಲ್ಲಿ ದಾಟುವ ಮಕ್ಕಳಿಗೆ ಕೆಳಗೆ ಏನಿತ್ತು ಎಂದು ಹೇಳಬೇಕಾದ್ದು ನಮ್ಮ ಕೆಲಸ.

ಸುಳ್ಯದ ಕಡೆಯ ಕಥೆ ಇನ್ನೊಂದು. ಅಪ್ಪನ ತಂಗಿ, ನಮ್ಮ ಅತ್ತೆ, ಅರಂಬೂರಿನ ಬಳಿ ಪಯಸ್ವಿನಿಯ ಆಚೆ ದಡದಲ್ಲಿದ್ದರು. ಬೇಸಗೆಯಲ್ಲಿ ನೀರಿಗೆ ಇಳಿದು ದಾಟಬಹುದು, ಮಳೆಗಾಲದಲ್ಲಿ ದೋಣಿ. ನೆರೆ ಬಂದರೆ ಅದೂ ಇಲ್ಲ. 1989ರಲ್ಲಿ ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ಅವರು ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದ್ದು, 2017ರಲ್ಲಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ಗೊತ್ತಿದೆ. ನನ್ನ ಮಕ್ಕಳಿಗೆ ಗೊತ್ತಿದ್ದದ್ದು ಬೇರೆ: ಆ ಸೇತುವೆ ನಡುವಿನಲ್ಲಿ ಅಲ್ಲಾಡುತ್ತದೆ! ಅತ್ತೆಯ ಮನೆಗೆ ಹೋಗುವುದೆಂದರೆ ಅವರಿಗೆ ಅತ್ತೆಗಿಂತ ಸೇತುವೆಯೇ ಮುಖ್ಯ. ಮೂರು ಸಲ ಆಚೆ ಈಚೆ ನಡೆದ ಮೇಲೆಯೇ ಮನೆಗೆ ಹತ್ತುತ್ತಿದ್ದರು. ಕಾಲಿಡಲು ಹೆದರುತ್ತಿದ್ದ ಅತ್ತೆಯನ್ನು ಕೈಹಿಡಿದು ದಾಟಿಸಿದವರೂ ಅವರೇ.

ಭೂಮಿ ಬಂತು, ರೈಲು ಬಂತು

ನಮ್ಮ ಅಪ್ಪ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಗೇಣಿ ಅಳೆದು ಉಳಿದದ್ದು ಊಟಕ್ಕೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಡಿಕ್ಲರೇಶನ್ ಕೊಟ್ಟು, ಕೆಲವು ವರ್ಷ ಓಡಾಡಿ, ಜಾಗ ನಮ್ಮ ಹೆಸರಿಗಾಯಿತು. ಈ ಕಾನೂನನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದರ ಒಂದು ಫಲ ಪಠ್ಯಪುಸ್ತಕದಲ್ಲಿಲ್ಲ. ಜಾಗ ಸ್ವಂತವಾದ ಮೇಲೆ ಅಡಿಕೆ ಮಾರಿದ ಹಣದಲ್ಲಿ ಅಪ್ಪ ಮೊದಲ ಬಾರಿ ಇಡೀ ಮನೆಯವರಿಗೆ ಬಸ್ಸಿನ ಟಿಕೇಟು ತೆಗೆದರು. ಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋಗಿ, ಮಲೆಕುಡಿಯರು ಕಾಡಿನ ಬೆತ್ತದಿಂದ ಕಟ್ಟಿದ ರಥವನ್ನು ನೋಡಿ ಬಂದೆವು. ಹಟ್ಟಿ ನೋಡಿಕೊಳ್ಳಲು ಆ ಸಲವೂ ಅಕ್ಕ.

1979ರಲ್ಲಿ ಮಂಗಳೂರು–ಹಾಸನ ರೈಲುದಾರಿ ಪೂರ್ತಿಯಾಯಿತು. ಅದುವರೆಗೆ ರೈಲು ನೋಡಲು ಮಂಗಳೂರಿಗೆ ಹೋಗಬೇಕಿದ್ದ ಮಕ್ಕಳ ಮನೆಯ ಹಿಂದೆಯೇ ರೈಲು ಕೂಗತೊಡಗಿತು. ಮೊದಮೊದಲು ಸಂಜೆ ಹೊತ್ತು ಗುಡ್ಡದಲ್ಲಿ ಕುಳಿತು ರೈಲು ನೋಡುವುದೇ ಒಂದು ತಿರುಗಾಟ. 1995ರಲ್ಲಿ ನಾವು ಗಂಡ ಹೆಂಡತಿ, ಏಳು ವರ್ಷದ ಮಗಳು, ಮೂರು ವರ್ಷದ ಮಗ ಕಬಕ ಪುತ್ತೂರಿನಲ್ಲಿ ಹತ್ತಿ, ನೆಟ್ಟಣ ದಾಟಿ, ಘಟ್ಟ ಏರಿ ಸಕಲೇಶಪುರಕ್ಕೆ ಹೋದೆವು. ಆ ಘಟ್ಟದಲ್ಲಿ 57 ಸುರಂಗಗಳಿವೆ. ಮಗಳ ಲೆಕ್ಕದಲ್ಲಿ 49 ಸಿಕ್ಕಿತು. ಕತ್ತಲಾದಾಗಲೆಲ್ಲ ಅಳುತ್ತಿದ್ದ ತಮ್ಮನಿಂದಾಗಿ ಲೆಕ್ಕ ತಪ್ಪಿತೆಂದು ಅವಳು ಈಗಲೂ ಹೇಳುತ್ತಾಳೆ. ಹಿಂದಿರುಗುವಾಗ ಸರಿಯಾಗಿ ಎಣಿಸೋಣ ಎಂದಿದ್ದೆ, ಆದರೆ ಇಬ್ಬರೂ ನಿದ್ರೆ ಮಾಡಿದರು. ಮರುವರ್ಷ ಹಳಿ ಬದಲಾಯಿಸುವ ಕೆಲಸಕ್ಕಾಗಿ ಘಟ್ಟದ ಪ್ರಯಾಣಿಕರ ಸಂಚಾರ ನಿಂತುಹೋಯಿತು. ಅದು ಮತ್ತೆ ಆರಂಭವಾದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಮಗಳು ಕಾಲೇಜಿನಲ್ಲಿದ್ದಳು. ಮಕ್ಕಳ ಬಾಲ್ಯ ರೈಲಿಗಾಗಿ ಕಾಯುವುದಿಲ್ಲ ಎಂಬುದನ್ನು ನಾನು ಅಂದು ಕಲಿತೆ.

ಮಕ್ಕಳಿಗಾಗಿಯೇ ಒಂದು ಜಾಗ

ಮಕ್ಕಳ ಸಂತೋಷವೇ ಒಂದು ಸಾಕಷ್ಟು ಕಾರಣ ಎಂದು ನಮ್ಮ ಸೀಮೆಯಲ್ಲಿ ಮೊದಲೇ ಹೇಳಿದವರು ಡಾ. ಶಿವರಾಮ ಕಾರಂತರು. 1930ರ ದಶಕದಲ್ಲಿ ಅವರು ಪುತ್ತೂರಿನ ಪರ್ಲಡ್ಕದ ಗುಡ್ಡದಲ್ಲಿ ನೆಲೆಸಿ, ಆ ಜಾಗಕ್ಕೆ ಬಾಲವನ ಎಂದು ಹೆಸರಿಟ್ಟು, ಆಟ, ನೃತ್ಯ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದರು. ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಗೇಣಿ ಅಳೆಯುವ ಕಾಲದಲ್ಲಿ ಇದು ಎಷ್ಟು ಜನರಿಗೆ ಅರ್ಥವಾಗಿತ್ತೋ! ಇಂದು ರಜೆಯ ದಿನ ಬಾಲವನದಲ್ಲಿ, ಬೀರಮಲೆ ಗುಡ್ಡದಲ್ಲಿ ಸಣ್ಣ ಮಕ್ಕಳ ಕೈಹಿಡಿದ ಮನೆಮಂದಿಯನ್ನು ಕಾಣುವಾಗ ಆ ಮಾತು ನಿಧಾನವಾಗಿ ನಮ್ಮನ್ನು ತಲುಪಿದೆ ಅನಿಸುತ್ತದೆ. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೂ ಕಾರಂತರ ಹೆಸರೇ ಇದೆ.

ಶಾಲೆಯ ಮೈದಾನ

ಕೊನೆಗೆ ನಮ್ಮ ಶಾಲೆಯ ವಿಷಯ. ಶಾಲೆ ಆರಂಭವಾದ ಕಾಲದಲ್ಲಿ ವಾರ್ಷಿಕೋತ್ಸವ ರಾತ್ರಿ ನಡೆಯುತ್ತಿತ್ತು. ಹಾಲು ಕರೆದು, ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಎಳೆ ಮಕ್ಕಳನ್ನು ಎತ್ತಿಕೊಂಡು ಊರಿನ ಹೆಂಗಸರು ಮೈದಾನಕ್ಕೆ ಬರುತ್ತಿದ್ದರು. ಪೆಟ್ರೋಮ್ಯಾಕ್ಸ್ ಬೆಳಕು, ಸೀರೆಗಳ ಪರದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಾಟಕದಲ್ಲಿ ದೂತನ ಪಾತ್ರ ಮಾಡಿದೆ. ಮಾತು ನಾಲ್ಕೇ ಸಾಲು. ರಂಗದ ಮೇಲೆ ಬಂದು ನೋಡಿದರೆ ಮುಂದಿನ ಚಾಪೆಯಲ್ಲಿ ಕೊನೆಯ ತಂಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಅಕ್ಕ ಕುಳಿತಿದ್ದಳು. ಎರಡನೇ ಸಾಲು ಮರೆತುಹೋಯಿತು. ನನಗೆ ನೆನಪಿದ್ದಂತೆ, ಕೆಲಸಕ್ಕಲ್ಲದೆ ನೋಡಲಿಕ್ಕೆಂದೇ ಅಕ್ಕ ಮನೆ ಬಿಟ್ಟು ಬಂದ ಮೊದಲ ಜಾಗ ಈ ಶಾಲೆಯ ಮೈದಾನ. ಹೈಸ್ಕೂಲು ಊರಿಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ, ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯ ಜೊತೆಗೆ ನಾನು ಇದನ್ನೂ ಹೇಳುತ್ತೇನೆ.

ಕಳೆದ ವರ್ಷ ಮೊಮ್ಮಕ್ಕಳೊಂದಿಗೆ ಅಕ್ಕನನ್ನೂ ಪಿಲಿಕುಳಕ್ಕೆ ಕರೆದುಕೊಂಡು ಹೋದೆವು. ಹುಲಿ ನೋಡಿದಳು, ಹಾವು ನೋಡಿದಳು, ಮಕ್ಕಳೊಂದಿಗೆ ಐಸ್‌ಕ್ರೀಮ್ ತಿಂದಳು. ಮಧ್ಯಾಹ್ನ ಮರದ ಕೆಳಗೆ ಕುಳಿತು ಮನೆಗೆ ಫೋನ್ ಮಾಡಿ ಕೇಳಿದ್ದು, "ದನಕ್ಕೆ ಅಕ್ಕಚ್ಚು ಕೊಟ್ಟಿರಾ?" ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಆದರೆ ಉತ್ತರ ಬರುವವರೆಗೆ ಫೋನ್ ಕೆಳಗೆ ಇಡಲಿಲ್ಲ.

ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಜಾತ್ರೆಯ ನೆನಪುಗಳನ್ನು ಬರೆದಿಡಿ. ಬರೆಯುವಾಗ ಹೋದವರು ಯಾರು ಎಂಬುದರ ಜೊತೆಗೆ ಮನೆ ಕಾದವರು ಯಾರು ಎಂದೂ ಕೇಳಿ, ಅವರ ಹೆಸರನ್ನೂ ಸೇರಿಸಿ. ಸುವರ್ಣ ಮಹೋತ್ಸವದ ದಿನ ಎಲ್ಲರೂ ಮನೆಮಂದಿ, ಮಕ್ಕಳೊಂದಿಗೆ ಬನ್ನಿ. ಹಟ್ಟಿ ಕೆಲಸಕ್ಕೆ ಯಾರು ನಿಲ್ಲುವುದು ಎಂದು ಈ ಸಲ ಮೊದಲೇ ಮಾತಾಡಿಕೊಳ್ಳಿ. ಪ್ರತಿ ಸಲ ನಿಂತವರು ಈ ಸಲ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ನಮ್ಮ ಶಾಲೆಗೆ ಶುಭವಾಗಲಿ.