ಬೀಸುವ ಕಲ್ಲಿನಿಂದ ಕೆರೆಯ ಏರಿಯವರೆಗೆ: ಮೈಸೂರು ಸೀಮೆಯ ಗೃಹಸ್ಥರ ಮೈದಣಿವಿನ ಇತಿಹಾಸ

ನಡುವಯಸ್ಸಿನ ಗೃಹಸ್ಥನಾಗಲಿ ಗೃಹಿಣಿಯಾಗಲಿ ದಿನದಲ್ಲಿ ಇಂತಿಷ್ಟು ಹೊತ್ತನ್ನು ಮೈಯ ಆರೋಗ್ಯಕ್ಕೆಂದೇ ಎತ್ತಿಡಬೇಕು ಎಂಬ ತಿಳಿವಳಿಕೆ ಇಂದು ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದಕ್ಕೂ ಒಂದು ಇತಿಹಾಸವಿದೆ ಎಂಬುದು ಮರೆತೇಹೋಗುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ, ಅಂದರೆ ಒಡೆಯರ ಆಳ್ವಿಕೆಗೆ ಒಳಪಟ್ಟಿದ್ದ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬಹುಪಾಲು ಮನೆಗಳ ಮೈದಣಿವು ದಿನದ ಕೆಲಸದೊಳಗೇ ಬೆರೆತಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ಪಟ್ಟಣದ ಮನೆಗಳಲ್ಲಿ ಕೆಲಸವೇ ಬೇರೆ, ವ್ಯಾಯಾಮವೇ ಬೇರೆ ಎಂಬಂತಾಯಿತು. ಈ ಬೇರ್ಪಾಡು ಹೇಗಾಯಿತು, ಅದರಿಂದ ಬಿಡುವಾದ ಹೊತ್ತು ಯಾರ ಪಾಲಿಗೆ ಬಂತು ಎಂಬುದನ್ನು ನೋಡಿದರೆ, ನಡುವಯಸ್ಸಿನ ಆರೋಗ್ಯವು ಒಬ್ಬೊಬ್ಬರ ಮನೋಬಲಕ್ಕಿಂತ ಹೆಚ್ಚಾಗಿ ಮನೆಯ ಮತ್ತು ಊರಿನ ಏರ್ಪಾಡಿಗೆ ಸೇರಿದ ಸಂಗತಿಯೆಂಬುದು ತಿಳಿಯುತ್ತದೆ.

ನಡುವಯಸ್ಸಿಗೆ ಪ್ರಾಚೀನ ವೈದ್ಯಗ್ರಂಥಗಳೇ ಗೆರೆ ಹಾಕಿಕೊಟ್ಟಿದ್ದವು. ಚರಕಸಂಹಿತೆ ಮೂವತ್ತರಿಂದ ಅರವತ್ತರವರೆಗಿನ ಕಾಲವನ್ನು ಮಧ್ಯಮ ವಯಸ್ಸೆಂದು ಕರೆಯಿತು. ಸುಶ್ರುತಸಂಹಿತೆ ನಲವತ್ತರವರೆಗೆ ದೇಹದ ಪೂರ್ಣತೆಯನ್ನೂ ಅಲ್ಲಿಂದಾಚೆಗೆ ಎಪ್ಪತ್ತರವರೆಗೆ ನಿಧಾನವಾದ ಇಳಿತವನ್ನೂ ಗುರುತಿಸಿತು. ವ್ಯಾಯಾಮಕ್ಕೆ ಆಯುರ್ವೇದ ಹಾಕಿದ ಮಿತಿಗೆ ‘ಅರ್ಧಶಕ್ತಿ’ ಎಂದು ಹೆಸರು: ತನಗಿರುವ ಬಲದ ಅರ್ಧದಷ್ಟನ್ನೇ ಬಳಸಬೇಕು, ಹಣೆಯಲ್ಲೂ ಕಂಕುಳಲ್ಲೂ ಬೆವರು ಮೂಡಿ ಉಸಿರು ಬಾಯಿಗೆ ಬರುವ ಹೊತ್ತಿಗೆ ನಿಲ್ಲಿಸಬೇಕು ಎಂಬುದು ಅದರ ತಿರುಳು. ಇದು ಹದವರಿತ ಬುದ್ಧಿಮಾತೇ ಹೌದು. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ತಾನೇ ನಿರ್ಧರಿಸಬಲ್ಲವನಿಗೆ ಮಾತ್ರ ಅದು ಸಲ್ಲುವಂಥದು. ಕೂಲಿಗೆ ನಿಂತವನಿಗೂ ಕಲ್ಲಿನ ಮುಂದೆ ಕುಳಿತವಳಿಗೂ ಅರ್ಧ ಬಲಕ್ಕೆ ಕೆಲಸ ನಿಲ್ಲಿಸುವ ಸ್ವಾತಂತ್ರ್ಯ ಇರಲಿಲ್ಲ.

ಮೈಸೂರು ಸೀಮೆಯ ಬಯಲು ನಾಡಿನ ಮುಖ್ಯ ಆಹಾರ ರಾಗಿ. ರಾಗಿಯನ್ನು ಹಿಟ್ಟು ಮಾಡದೆ ಮುದ್ದೆಯಿಲ್ಲ, ಬೀಸದೆ ಹಿಟ್ಟಿಲ್ಲ. ಆದ್ದರಿಂದ ಬೀಸುವ ಕಲ್ಲು ಇಲ್ಲದ ಒಕ್ಕಲಮನೆಯೂ ಇರಲಿಲ್ಲ. ಈ ಕಲ್ಲು ಎರಡು ದುಂಡನೆಯ ಬಿಲ್ಲೆಗಳ ಜೋಡಿ: ಕೆಳಗಿನದು ನೆಲದಲ್ಲಿ ಕದಲದೆ ಕೂರುತ್ತದೆ, ಮೇಲಿನದು ನಡುವಿನ ಗೂಟವನ್ನು ಆಧರಿಸಿ ತಿರುಗುತ್ತದೆ, ಅದರ ಬಾಯಿಗೆ ಹಿಡಿ ಹಿಡಿಯಾಗಿ ಸುರಿದ ಕಾಳು ಅಂಚಿನಿಂದ ಹಿಟ್ಟಾಗಿ ಉದುರುತ್ತದೆ. ಹಿಟ್ಟನ್ನು ಬಹಳ ದಿನ ಇಟ್ಟುಕೊಳ್ಳಲು ಆಗದ್ದರಿಂದ ಆಗಾಗ, ಸ್ವಲ್ಪ ಸ್ವಲ್ಪವಾಗಿ ಬೀಸಬೇಕಾಗುತ್ತಿತ್ತು. ಹೊಲಗೆಲಸ, ಅಡುಗೆ, ದನಕರುಗಳ ಚಾಕರಿ ಹಗಲನ್ನೆಲ್ಲ ನುಂಗುತ್ತಿದ್ದುದರಿಂದ ಬೀಸುವುದಕ್ಕೆ ಉಳಿಯುತ್ತಿದ್ದುದು ಕೋಳಿ ಕೂಗುವ ಹೊತ್ತು. ಅತ್ತೆ ಸೊಸೆಯರೋ ಅತ್ತಿಗೆ ನಾದಿನಿಯರೋ ಎದುರುಬದುರು ಕುಳಿತು ಒಂದೇ ಹಿಡಿಯನ್ನು ನಾಲ್ಕು ಕೈಗಳಿಂದ ಎಳೆದು ನೂಕುವಾಗ ತೋಳು, ಹೆಗಲು, ಸೊಂಟಗಳೆಲ್ಲ ಒಟ್ಟಿಗೆ ದುಡಿಯುತ್ತಿದ್ದವು.

ಆ ದಣಿವಿಗೆ ಜೊತೆಯಾಗಿ ಹುಟ್ಟಿದ್ದು ಬೀಸುವ ಪದ. ಕಲ್ಲಿನ ಸುತ್ತಿಗೆ ಹೊಂದಿಕೊಂಡು ಸಾಗುವ ಈ ಹಾಡುಗಳ ಮಟ್ಟು ಬಹುತೇಕ ತ್ರಿಪದಿ, ಅಂದರೆ ಮೂರು ಸಾಲಿನ ದೇಸಿ ಛಂದಸ್ಸು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಿಂದೆ, ಸುಮಾರು 700ರ ವೇಳೆಗೇ, ಕನ್ನಡದಲ್ಲಿ ಈ ಛಂದಸ್ಸಿನ ಕುರುಹು ಸಿಗುತ್ತದೆ. ಉತ್ತರ ಕರ್ನಾಟಕದ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವು ಇಂಥ ಹಾಡುಗಳಿಗೆ ಮೊದಲ ಬಾರಿಗೆ ವಿದ್ವತ್ ವಲಯದ ಗಮನವನ್ನು ದೊಡ್ಡದಾಗಿ ಒದಗಿಸಿತು. ತವರಿನ ನೆನಪು, ಮಕ್ಕಳ ಹಂಬಲ, ಗಂಡನ ಮುನಿಸು, ಒಡಹುಟ್ಟಿದವರ ಮೇಲಿನ ಅಕ್ಕರೆ ಎಲ್ಲವೂ ಈ ಪದಗಳ ವಸ್ತು. ಸಂಸಾರವನ್ನು ಅರ್ಧ ದಾರಿ ಸಾಗಿಸಿದ ಹೆಂಗಸು ಹಗಲಿನಲ್ಲಿ ಯಾರೆದುರೂ ಆಡಲಾಗದ ಮಾತನ್ನು ಬೆಳಕು ಹರಿಯುವ ಮುನ್ನ ಕಲ್ಲಿನೆದುರು ಹಾಡಿಕೊಂಡಳು. ದುಡಿಮೆಯೂ ಒಡನಾಟವೂ ಮನಸ್ಸಿನ ಹಗುರವೂ ಒಂದೇ ಹೊತ್ತಿನಲ್ಲಿ ಕೂಡಿ ಬಂದ ಈ ಏರ್ಪಾಡು ಕನ್ನಡ ನಾಡಿನ ಗೃಹಜೀವನದ ದೊಡ್ಡ ಸೃಷ್ಟಿಗಳಲ್ಲಿ ಒಂದು.

ಬೀಸುವುದರ ಜೊತೆಗೆ ಕುಟ್ಟುವುದೂ ಇತ್ತು. ಒರಳಿನಲ್ಲಿ ಭತ್ತ ಹಾಕಿ, ಆಳೆತ್ತರದ ಒನಕೆಯನ್ನು ಎತ್ತಿ ಹೊಡೆದು ಅಕ್ಕಿ ಬೇರ್ಪಡಿಸುವ ಈ ಕೆಲಸಕ್ಕೆ ‘ಕೊಟ್ಟಣ’ ಎಂದು ಹೆಸರು. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಒಬ್ಬಳಾದ ಸೋಮವ್ವೆ ಕೊಟ್ಟಣವನ್ನೇ ಕಾಯಕವಾಗಿ ನಡೆಸಿದ್ದರಿಂದ ಕೊಟ್ಟಣದ ಸೋಮವ್ವೆ ಎಂದೇ ಹೆಸರಾದಳು. ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಶರಣರ ಕಾಯಕ ತತ್ತ್ವದಲ್ಲಿ ಅನ್ನದ ಹಿಂದಿರುವ ಹೆಣ್ಣಿನ ತೋಳಿಗೂ ಗೌರವದ ಸ್ಥಾನ ದೊರೆತಿತ್ತು ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಕೋಟೆಯ ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದಲೇ ಕೆಡವಿದ ಚಿತ್ರದುರ್ಗದ ಓಬವ್ವೆಯ ಕಥೆಯನ್ನು ಜನ ನಂಬಿ ಬೆಳೆಸಿಕೊಂಡು ಬಂದದ್ದರ ಹಿಂದೆಯೂ, ದಿನವೂ ಒನಕೆ ಎತ್ತುವ ತೋಳಿನ ಬಲವನ್ನು ಕಣ್ಣಾರೆ ಕಂಡ ಅನುಭವವಿದೆ.

ಗಂಡಸರ ದುಡಿಮೆಯೂ ಕಡಿಮೆಯದಾಗಿರಲಿಲ್ಲ. ಉಳುಮೆ, ಕೊಯ್ಲು, ಒಕ್ಕಣೆಗಳ ಜೊತೆಗೆ ಬಾವಿಯಿಂದ ನೀರೆತ್ತುವ ಯಾತ ಮತ್ತು ಕಪಿಲೆಗಳಿದ್ದವು: ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ತಗ್ಗಿಸಿ ಇನ್ನೊಂದು ತುದಿಯ ಬಾನಿಯನ್ನು ಮೇಲೆತ್ತುವುದು ಯಾತ, ಎತ್ತುಗಳು ಹಗ್ಗವೆಳೆದು ತೊಗಲಿನ ಚೀಲದಲ್ಲಿ ನೀರು ತರುವುದು ಕಪಿಲೆ. ಇಂಥ ಬದುಕಿನಲ್ಲಿ ಮೈ ಬಗ್ಗಿಸಲು ಬೇರೆ ಹೊತ್ತು ಬೇಕಾಗಿರಲಿಲ್ಲ. ಆದರೂ ಈ ಶ್ರಮವನ್ನು ಆರೋಗ್ಯದ ಸುವರ್ಣಯುಗವೆಂದು ಬಣ್ಣಿಸುವುದು ಸಲ್ಲದು. ಬಸುರಿಯೂ ಬಾಣಂತಿಯೂ ಕಲ್ಲಿನ ಮುಂದೆ ಕೂರಬೇಕಾಗಿತ್ತು, ಒಲೆಯ ಹೊಗೆ ಶ್ವಾಸಕೋಶವನ್ನು ತಿನ್ನುತ್ತಿತ್ತು, ಬರ ಬಂದಾಗ ದುಡಿಮೆ ಉಳಿದು ಊಟವಷ್ಟೇ ಇಲ್ಲವಾಗುತ್ತಿತ್ತು. 1951ರ ಹೊತ್ತಿಗೂ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಶಿಶುಮರಣವೇ ಈ ಸರಾಸರಿಯನ್ನು ಮುಖ್ಯವಾಗಿ ಕೆಳಗೆಳೆಯುತ್ತಿತ್ತೆಂಬುದು ನಿಜವಾದರೂ, ನಡುವಯಸ್ಸನ್ನು ಮುಟ್ಟುವುದೇ ಅನೇಕರಿಗೆ ಒದಗದ ಭಾಗ್ಯವಾಗಿತ್ತು ಎಂಬುದೂ ಅಷ್ಟೇ ನಿಜ.

ಕೆಲಸದಿಂದ ಪ್ರತ್ಯೇಕವಾದ ಮೈದಂಡನೆ ಹಳೆಯ ಮೈಸೂರಿನಲ್ಲಿ ಇರಲೇ ಇಲ್ಲವೆಂದಲ್ಲ. ಅದರ ಮನೆ ಗರಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿ ಅವರ ಸಾಧನೆಯನ್ನೂ ಆಹಾರವನ್ನೂ ವಿವರಿಸುತ್ತದೆ. ಮುಂದೆ ಒಡೆಯರ ಕಾಲದಲ್ಲಿ ದಸರೆಯ ಕುಸ್ತಿಗಳ ಮೂಲಕ ಮಲ್ಲವಿದ್ಯೆಗೆ ಅರಮನೆಯ ಆಸರೆ ದೊರೆಯಿತು, ಮೈಸೂರಿನ ಕೇರಿ ಕೇರಿಗಳಲ್ಲಿ ಗರಡಿಮನೆಗಳು ಬೆಳೆದವು. ಕೆಮ್ಮಣ್ಣು ಹದಗೊಳಿಸಿದ ಮಟ್ಟಿ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಸಾಮು ಮಾಡುವ ಕಲ್ಲುಗಳು: ಇಷ್ಟೇ ಅದರ ಸಂಪತ್ತು. ಕೈಯೂರಿ ಮೈಯಿಳಿಸುವ ದಂಡ, ಕುಳಿತು ಏಳುವ ಬಸ್ಕಿ ಇವುಗಳ ಎಣಿಕೆಯಲ್ಲಿ ಹುಡುಗರ ಬೆಳಗು ಕಳೆಯುತ್ತಿತ್ತು. ಅಖಾಡದಿಂದ ನಿವೃತ್ತನಾದ ಪೈಲ್ವಾನನಿಗೆ ವಸ್ತಾದಿಯ ಪಟ್ಟ, ಅಂದರೆ ಗುರುವಿನ ಸ್ಥಾನ, ಕಾದಿರುತ್ತಿತ್ತು. ವಯಸ್ಸಾದ ಮೈಗೂ ಒಂದು ಹೊಣೆ, ಒಂದು ಮರ್ಯಾದೆ ಕೊಟ್ಟದ್ದು ಗರಡಿಯ ಹಿರಿಮೆ. ಆದರೆ ಆ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ.

ಹಳೆಯ ಏರ್ಪಾಡನ್ನು ಸಡಿಲಿಸಿದವು ನೀರು ಮತ್ತು ವಿದ್ಯುತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ಬೆಂಗಳೂರನ್ನು ತಲುಪಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ದೀಪವಾಗಿ ಬಂದ ವಿದ್ಯುತ್ತು ಮುಂದೆ ಹಿಟ್ಟಿನ ಗಿರಣಿಯನ್ನು ತಿರುಗಿಸತೊಡಗಿತು. 1948ರಲ್ಲಿ ಜೋಗದ ಉತ್ಪಾದನಾ ಕೇಂದ್ರ, 1960ರ ದಶಕದಲ್ಲಿ ಶರಾವತಿ ಯೋಜನೆ ಆರಂಭವಾದ ಮೇಲೆ ತಂತಿಗಳು ಹಳ್ಳಿಗಳತ್ತ ಚಾಚಿದವು, ಒಂದೊಂದೇ ಊರಿನಲ್ಲಿ ಗಿರಣಿಯ ಸದ್ದು ಕೇಳಿಬಂತು. ತಲೆಯ ಮೇಲೆ ರಾಗಿಯ ಪುಟ್ಟಿ ಹೊತ್ತು ಗಿರಣಿಗೆ ಹೋಗಿ ಗಳಿಗೆಯಲ್ಲಿ ಹಿಟ್ಟು ತಂದ ಹೆಂಗಸಿಗೆ ಅದು ನಿಜವಾದ ಬಿಡುಗಡೆಯೇ ಆಗಿತ್ತು. ಆ ಬಿಡುಗಡೆಯೊಂದಿಗೆ ಬೀಸುವ ಪದಗಳು ಬಾಯಿಂದ ಬಾಯಿಗೆ ಸಾಗುವ ದಾರಿಯೂ ಮುಚ್ಚುತ್ತ ಬಂತು.

ಇದೇ ಕಾಲದಲ್ಲಿ ಗಂಡಸಿನ ಕೆಲಸವೂ ರೂಪ ಬದಲಿಸಿತು. ಸಂಸ್ಥಾನದ ಕಚೇರಿಗಳು ಬೆಳೆದು ಗುಮಾಸ್ತರು, ಲೆಕ್ಕಿಗರು, ಮೇಷ್ಟರು, ವಕೀಲರು ಸೇರಿದ ಹೊಸ ಮಧ್ಯಮ ವರ್ಗ ಬಸವನಗುಡಿ, ಮಲ್ಲೇಶ್ವರ, ಲಕ್ಷ್ಮೀಪುರಂಗಳಂಥ ಬಡಾವಣೆಗಳಲ್ಲಿ ನೆಲೆಯೂರಿತು. ಕುಳಿತು ಮಾಡುವ ಕೆಲಸ ಗೌರವದ ಗುರುತಾಯಿತು. ಕುಳಿತೇ ದುಡಿಯುವುದರ ಬೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಲಂಡನ್ನಿನ ಬಸ್ಸುಗಳು: ಅಲ್ಲಿನ ವೈದ್ಯವಿಜ್ಞಾನಿ ಜೆರೆಮಿ ಮಾರಿಸ್ 1953ರಲ್ಲಿ ಪ್ರಕಟಿಸಿದ ಅಧ್ಯಯನವು, ದಿನವಿಡೀ ಕುಳಿತಿರುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯೆಂದು ಕಂಡುಕೊಂಡಿತು. ಆ ಮಾತು ಬೆಂಗಳೂರಿನ ಮೇಜು ಕುರ್ಚಿಗಳಿಗೂ ಅನ್ವಯಿಸುವಂಥದೇ.

ಈ ಹೊಸ ವರ್ಗದ ಮೈಗೆ ಹೊಸ ಶಾಲೆಗಳು ಹುಟ್ಟಿಕೊಂಡವು. ಮುಂದೆ ‘ಶಾಂತಲಾ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವಿಕೆಯನ್ನೂ ಸೂರ್ಯನಮಸ್ಕಾರವನ್ನೂ ಬೆರೆಸಿ ಕಲಿಸಿದರು, ಅಂಚೆಯ ಮೂಲಕವೂ ಪಾಠ ಕಳುಹಿಸಿದರು. ಗರಡಿಗೆ ಹೋಗಲು ಪುರಸತ್ತಿಲ್ಲದ, ಹೋಗಲು ಸಂಕೋಚಪಡುವ ಉದ್ಯೋಗಸ್ಥನ ಕೋಣೆಯೊಳಕ್ಕೇ ವ್ಯಾಯಾಮ ಹೀಗೆ ಅಂಚೆಯ ಲಕೋಟೆಯಲ್ಲಿ ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ಆರಂಭಿಸಿ, ಮರುವರ್ಷ ‘ಯೋಗ ಮಕರಂದ’ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದರು. 1938ರಲ್ಲಿ ಚಿತ್ರೀಕರಿಸಿದ ಒಂದು ಮೂಕಚಿತ್ರದಲ್ಲಿ ಐವತ್ತರ ಅಂಚಿನಲ್ಲಿದ್ದ ಕೃಷ್ಣಮಾಚಾರ್ಯರೊಂದಿಗೆ ಅವರ ಪತ್ನಿ ನಾಮಗಿರಿಯಮ್ಮನವರೂ ಮಕ್ಕಳೂ ಆಸನಗಳನ್ನು ಮಾಡಿ ತೋರಿಸಿದ್ದಾರೆ. ಸನ್ಯಾಸಿಗಳ ಸಾಧನೆಯೆಂದು ತಿಳಿಯಲಾಗಿದ್ದ ವಿದ್ಯೆ ಸಂಸಾರಿಗಳ ಅಂಗಳಕ್ಕೆ ಬಂದದ್ದರ, ಅದರಲ್ಲಿ ಹೆಣ್ಣಿಗೂ ಜಾಗ ದೊರೆತದ್ದರ ಅಪೂರ್ವ ದಾಖಲೆಯಿದು.

ಆದರೆ ಬಹುಜನರ ವ್ಯಾಯಾಮವಾಗಿ ನಿಂತದ್ದು ನಡಿಗೆ. ಅದಕ್ಕೆ ಗುರುವೂ ಬೇಡ, ಸಲಕರಣೆಯೂ ಬೇಡ. ಬೇಕಾದದ್ದು ಒಳ್ಳೆಯ ದಾರಿ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್, 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಕುಕ್ಕರಹಳ್ಳಿ ಕೆರೆ, ಇವುಗಳಲ್ಲಿ ಯಾವುದೂ ಸಾಮಾನ್ಯ ಸಂಸಾರಿಗಳ ಬೆಳಗಿನ ನಡಿಗೆಗೆಂದು ಹುಟ್ಟಿದ್ದಲ್ಲ. ರಾಜರ ತೋಟ, ದಂಡಿನ ಮತ್ತು ಕಚೇರಿಯ ಉದ್ಯಾನ, ನೀರಿನ ಆಸರೆ ಎಂದು ಬೇರೆ ಬೇರೆ ಉದ್ದೇಶಕ್ಕೆ ಮೂಡಿದ ಈ ಜಾಗಗಳನ್ನು ಇಪ್ಪತ್ತನೆಯ ಶತಮಾನದ ಗೃಹಸ್ಥರು ತಮ್ಮವನ್ನಾಗಿ ಮಾಡಿಕೊಂಡರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ಅವರ ನಡಿಗೆ ಕನ್ನಡ ಸಾಹಿತ್ಯದ ನೆನಪಿನಲ್ಲೇ ಸೇರಿಹೋಗಿದೆ. ಬೀಸುವ ಕಲ್ಲಿನ ಸುತ್ತ ಇದ್ದ ಒಡನಾಟ ಬೇರೊಂದು ರೂಪದಲ್ಲಿ ಇಲ್ಲಿ ಮರಳಿ ಬಂತು: ಒಂದೇ ಹೊತ್ತಿಗೆ ಬರುವ ಗೆಳೆಯರು, ಒಂದೇ ಕಲ್ಲುಬೆಂಚು, ಮಕ್ಕಳ ಮದುವೆಯಿಂದ ಸಕ್ಕರೆ ಕಾಯಿಲೆಯವರೆಗಿನ ಮಾತು.

ಆ ಕಾಯಿಲೆಯ ವಿಸ್ತಾರವೂ ಈ ಇತಿಹಾಸದ ಭಾಗವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿಯೆಂದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಹದವಾದ ದೇಹಶ್ರಮವನ್ನು ಸೂಚಿಸುತ್ತದೆ. ದಿನಕ್ಕೆ ಇಪ್ಪತ್ತೆರಡು ನಿಮಿಷಕ್ಕೂ ಕಡಿಮೆಯಾದ ಈ ಹೊತ್ತು ಹೇಳುವುದಕ್ಕೆ ಸಣ್ಣದು, ಆದರೆ ಅದನ್ನು ಯಾರು ಎಲ್ಲಿಂದ ತರಬೇಕೆಂಬ ಪ್ರಶ್ನೆ ದೊಡ್ಡದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷಗಳನ್ನು ಕೂಲಿಯಿಲ್ಲದ ಆ ದುಡಿಮೆಗೆ ಕೊಡುತ್ತಿದ್ದರು. ಅದೇ ಕೆಲಸದಲ್ಲಿ ತೊಡಗುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಗಿರಣಿ, ನಲ್ಲಿ, ಅನಿಲದ ಒಲೆ, ಮಿಕ್ಸಿಗಳು ಹೆಂಗಸಿನ ತೋಳಿನ ಭಾರವನ್ನು ಇಳಿಸಿದವು. ಉಳಿದ ಹೊತ್ತನ್ನು ಮಕ್ಕಳ ಶಾಲೆ, ಹಿರಿಯರ ಆರೈಕೆ, ಹೊರಗಿನ ಉದ್ಯೋಗಗಳು ತುಂಬಿಕೊಂಡವು.

ಹೀಗೆ ನೋಡಿದಾಗ ಮೈಸೂರು ಸೀಮೆಯ ಈ ನೂರಿಪ್ಪತ್ತು ವರ್ಷಗಳ ಕಥೆಯಲ್ಲಿ ಸೋಮಾರಿತನಕ್ಕೆ ಇರುವ ಪಾತ್ರ ತೀರ ಕಿರಿದು. ಜನ ಎದ್ದು ನಡೆದದ್ದು ನಡೆಯಲು ಏರಿ ಇದ್ದಲ್ಲಿ, ಸಾಮು ಮಾಡಿದ್ದು ಕೇರಿಯಲ್ಲಿ ಗರಡಿ ಇದ್ದಲ್ಲಿ, ದಣಿವನ್ನು ಹಾಡಾಗಿಸಿಕೊಂಡದ್ದು ಎದುರಿಗೆ ಇನ್ನೊಬ್ಬಳು ಕುಳಿತಿದ್ದಲ್ಲಿ. ಜಾಗ, ಹೊತ್ತು, ಜೊತೆ ಈ ಮೂರೂ ಕೂಡಿದಾಗಲೆಲ್ಲ ನಡುವಯಸ್ಸಿನ ಮೈ ತಾನಾಗಿ ಅದರತ್ತ ಸಾಗಿದೆ. ಕೆರೆಗಳನ್ನೂ ಉದ್ಯಾನಗಳನ್ನೂ ಕಾಪಾಡುವುದು ಊರಿನ ಆಡಳಿತದ ಕೆಲಸ. ಆದರೆ ಹಿಂದೆ ಹಿಟ್ಟಿಗಾಗಿ ಕತ್ತಲಲ್ಲೇ ಏಳುತ್ತಿದ್ದವಳ ಮೊಮ್ಮಗಳು ಇಂದು ಅದೇ ಹೊತ್ತಿಗೆ ಕೆರೆಯ ಏರಿಯನ್ನು ಸೇರಬೇಕಾದರೆ, ಅಷ್ಟು ಹೊತ್ತು ಆ ಮನೆಯ ಒಲೆಯ ಮುಂದೆ ಇನ್ನೊಬ್ಬರು ನಿಲ್ಲಬೇಕಾಗುತ್ತದೆ.