ಮೂಳೆ ಉಳಿಯಿತು, ಮೊಣಕಾಲು ಸಿಕ್ಕಿಬಿತ್ತು

1937ರಲ್ಲಿ ಅಮೆರಿಕದ ಓರೆಗನ್‌ನಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ ನಾರ್ವೆ ಮೂಲದ ಸ್ಕೀ ಪಟು ಯಾಲ್ಮಾರ್ ವಾಮ್‌ಗೆ ಮಲಗಿದಲ್ಲೇ ಒಂದು ಉಪಾಯ ಹೊಳೆಯಿತು. ಆಗೆಲ್ಲ ಬೂಟನ್ನು ಸ್ಕೀಗೆ ಬಿಗಿದು ಕಟ್ಟುತ್ತಿದ್ದರು. ಬಿದ್ದಾಗ ಸ್ಕೀ ತಿರುಚಿದರೆ ಕಾಲೂ ತಿರುಚುತ್ತಿತ್ತು. ವಾಮ್ ರೂಪಿಸಿದ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ, ಒತ್ತಡ ಮಿತಿಮೀರಿದೊಡನೆ ಬೂಟನ್ನು ತಾನಾಗಿ ಬಿಟ್ಟುಕೊಡುತ್ತಿತ್ತು.

ಆದರೆ ಇಂಥ ಸಲಕರಣೆ ಎಷ್ಟು ಕಾಲುಗಳನ್ನು ಉಳಿಸುತ್ತದೆಂದು ಲೆಕ್ಕ ಇಟ್ಟವರು ಅಪರೂಪ. 1972ರಲ್ಲಿ ವರ್ಮಾಂಟ್‌ನ ಶುಗರ್‌ಬುಷ್ ಇಳಿಜಾರಿನಲ್ಲಿ ಮೂಳೆ ವೈದ್ಯ ರಾಬರ್ಟ್ ಜಾನ್ಸನ್, ಎಂಜಿನಿಯರ್ ಕಾರ್ಲ್ ಎಟ್ಲಿಂಗರ್ ಮತ್ತು ಜ್ಯಾಸ್ಪರ್ ಶೀಲಿ ಆ ಕೆಲಸಕ್ಕೆ ಇಳಿದರು. ಗಾಯಗೊಂಡವರನ್ನಷ್ಟೇ ಅಲ್ಲ, ಏನೂ ಆಗದೆ ಇಳಿದು ಬಂದವರನ್ನೂ ತಡೆದು ವಿಚಾರಿಸಿದರು. ಎರಡೂ ಗುಂಪಿನವರ ಬೈಂಡಿಂಗನ್ನು ಪರೀಕ್ಷಿಸಿದರು. ತೂಕ, ಎತ್ತರ, ವಯಸ್ಸು, ಪರಿಣತಿಗೆ ತಕ್ಕಂತೆ ಬೈಂಡಿಂಗ್ ಹೊಂದಿಸುವ ಪದ್ಧತಿ ಬೇರೂರಿದಂತೆ ಕೆಳಗಾಲಿನ ಮೂಳೆಮುರಿತ ಗಣನೀಯವಾಗಿ ಇಳಿಯಿತು.

ಅದೇ ದಾಖಲೆಗಳಲ್ಲಿ ಇನ್ನೊಂದು ಗೆರೆ ಮೇಲೇರುತ್ತಿತ್ತು: ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯುವುದು. ಕಾರಣವನ್ನು ವಿಡಿಯೊಗಳು ತೋರಿಸಿದವು. ಆಯ ತಪ್ಪಿದವನು ಹಿಂದಕ್ಕೆ ವಾಲುತ್ತಾನೆ, ಸೊಂಟ ಮೊಣಕಾಲಿಗಿಂತ ಕೆಳಕ್ಕೆ ಕುಸಿಯುತ್ತದೆ, ಭಾರವೆಲ್ಲ ಇಳಿಜಾರಿನ ಕಡೆಯ ಸ್ಕೀಯ ಬಾಲದ ಒಳಅಂಚಿಗೆ ಬೀಳುತ್ತದೆ. ಹಿಮ್ಮಡಿಯ ಹಿಂದೆ ಚಾಚಿದ ಆ ಬಾಲ ಸನ್ನೆಗೋಲಿನಂತೆ ಮಡಿಸಿದ ಮೊಣಕಾಲನ್ನು ತಿರುಚಿಬಿಡುತ್ತದೆ. ಕೆಳಗಾಲಿನ ಮೂಳೆಗೆಂದು ರೂಪಿಸಿದ ಬೈಂಡಿಂಗ್‌ಗೆ ಈ ಬಲದ ಸುಳಿವೇ ಸಿಗುವುದಿಲ್ಲ.

ಹಾಗಾಗಿ ಸಂಶೋಧಕರು ಬೀಳುವ ರೀತಿಯನ್ನೇ ಕಲಿಸಿದರು. ಕೈ ಮುಂದಿರಲಿ, ಕಾಲು ಜೋಡಿಯಾಗಿರಲಿ, ಜಾರುವುದು ನಿಲ್ಲುವ ತನಕ ಏಳಬೇಡಿ. 1993-94ರ ಋತುವಿನಲ್ಲಿ ತರಬೇತಿ ಪಡೆದ ಸ್ಕೀ ಸಿಬ್ಬಂದಿಯಲ್ಲಿ ತೀವ್ರ ಮೊಣಕಾಲು ಗಾಯ ಶೇ 62ರಷ್ಟು ಕಡಿಮೆಯಾಯಿತು.

ಸ್ನೋಬೋರ್ಡ್‌ನದು ಬೇರೆ ಲೆಕ್ಕ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುವುದರಿಂದ ಬೀಳುವವರು ಕೈ ಊರುತ್ತಾರೆ. ಹೊಸಬರ ಮಣಿಕಟ್ಟು ಮುರಿಯುತ್ತದೆ. ನಾರ್ವೆಯಲ್ಲಿ 5,029 ಮಂದಿಯ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಣಿಕಟ್ಟಿಗೆ ರಕ್ಷೆ ಧರಿಸಿದವರಲ್ಲಿ 8, ಧರಿಸದವರಲ್ಲಿ 29 ಮಣಿಕಟ್ಟು ಗಾಯಗಳಾದವು.

ಮುಂದಿನ ಚರ್ಚೆ ತಲೆಯದು. ಹೆಲ್ಮೆಟ್ ತಲೆಗಾಯದ ಅಪಾಯವನ್ನು ಶೇ 60ರಷ್ಟು ತಗ್ಗಿಸುತ್ತದೆಂದು ನಾರ್ವೆಯದೇ ಮತ್ತೊಂದು ಅಧ್ಯಯನ 2006ರಲ್ಲಿ ಹೇಳಿತು. ಅದಕ್ಕೂ ಮಿತಿಯಿದೆ: 2013ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಬಂಡೆಗೆ ತಲೆ ಬಡಿದು ತೀವ್ರವಾಗಿ ಗಾಯಗೊಂಡ ಕಾರ್ ರೇಸ್ ಪಟು ಮೈಕೆಲ್ ಶುಮಾಕರ್ ಹೆಲ್ಮೆಟ್ ಧರಿಸಿದ್ದರು.

ಈಗ ಗಮನ ಮಹಿಳೆಯರ ಮೊಣಕಾಲಿನ ಮೇಲಿದೆ. ಹವ್ಯಾಸಿ ಸ್ಕೀಯಿಂಗ್‌ನಲ್ಲಿ ಅವರಿಗೆ ಎಸಿಎಲ್ ಹರಿಯುವುದು ಪುರುಷರಿಗಿಂತ ಹೆಚ್ಚು. ಬಿದ್ದಾಗ ಬೈಂಡಿಂಗ್ ಬಿಚ್ಚಿಕೊಳ್ಳಲೇ ಇಲ್ಲವೆಂದು ಹಲವರು ಹೇಳಿದ್ದಾರೆ. ಅವರಿಗೆ ಅದನ್ನು ಇನ್ನಷ್ಟು ಸಡಿಲ ಮಾಡಿದರೆ ಓಡುವ ಸ್ಕೀ ನಡುದಾರಿಯಲ್ಲೇ ಕಳಚಿಕೊಳ್ಳುವ ಅಪಾಯವಿದೆ. ಎಷ್ಟು ಸಡಿಲ ಎಂಬಲ್ಲಿಗೆ ವಾದ ಬಂದು ನಿಂತಿದೆ.